ಶಟ್ಟೆಪ್ಪನ ತಕ್ಕಡಿ ಮತ್ತು ನಲವತ್ತೊಂದು ಬಾವಿ

ಬಿ.ಎಸ್ಸಿ. ಓದುವಾಗ ನಾನು ಸಂಶೋಧನೆ ಮಾಡಿದ್ದೆ ಎಂದರೆ ನನ್ನ ಹೆಂಡತಿ ಇವತ್ತಿಗೂ ನಂಬುವುದಿಲ್ಲ. ಅವಳದೇನೂ ತಪ್ಪಿಲ್ಲ. ನಾನು ಸಂಶೋಧನೆಯನ್ನು ಹುಡುಕಿಕೊಂಡು ಹೋದವನೇ ಅಲ್ಲ. ಅದೇ ಬೈಲಹೊಂಗಲದ ನಮ್ಮ ಕಾಲೇಜಿನ ಹಿಂದಿನ ಬೆಂಚಿನ ತನಕ ಬಂದು, ಮಲಗಿದ್ದ ನನ್ನನ್ನು ಎಬ್ಬಿಸಿ ಕರೆದುಕೊಂಡು ಹೋಯಿತು. ಎಬ್ಬಿಸಿದವನು ಶಟ್ಟೆಪ್ಪ.

ಶಟ್ಟೆಪ್ಪ ನಮ್ಮ ರಸಾಯನಶಾಸ್ತ್ರ ಪ್ರಯೋಗಾಲಯದ ಅಟೆಂಡರ್. ಏಳನೆಯ ಇಯತ್ತೆಯವರೆಗೆ ಓದಿದ್ದ. ವಯಸ್ಸು ಐವತ್ತರ ಹತ್ತಿರ, ಹಣೆಯ ತುಂಬ ವಿಭೂತಿ, ಖಾಕಿ ಅಂಗಿಯ ತುಂಬ ಆಸಿಡ್ ಬಿದ್ದ ತೂತುಗಳು. ಯಾವ ಬಾಟಲಿಯಲ್ಲಿ ಏನಿದೆ ಎಂದು ಮುಚ್ಚಳ ತೆಗೆಯದೆ ಹೇಳಬಲ್ಲವನಾಗಿದ್ದ. ಆದರೆ ಪ್ರಾಯೋಗಿಕ ಪರೀಕ್ಷೆಯ ದಿನ, ಕೊಟ್ಟ ಲವಣ ಯಾವುದೆಂದು ತಿಳಿಯದೆ ನಾವು ದೀನರಾಗಿ ಅವನ ಮುಖ ನೋಡಿದರೆ ಅವನು ಮಾಳಿಗೆಯ ತೊಲೆ ಎಣಿಸುತ್ತ ನಿಲ್ಲುತ್ತಿದ್ದ. ಬೇರೆ ಕಾಲೇಜುಗಳ ಅಟೆಂಡರುಗಳು ಕಣ್ಣು ಹೊಡೆದೇ ಎಷ್ಟೋ ಹುಡುಗರನ್ನು ಪಾಸು ಮಾಡಿಸಿದ್ದಾರೆಂದು ಕೇಳಿದ್ದೆವು. ನಮ್ಮ ಹಣೆಬರಹಕ್ಕೆ ಇಂಥ ಸತ್ಯವಂತ ಗಂಟುಬಿದ್ದಿದ್ದ. ನನಗೆ ಅವನ ಮೇಲೆ ಮೊದಲ ವರ್ಷದಿಂದಲೇ ಸಿಟ್ಟಿತ್ತು.

ಅವನ ಜೀವವೆಲ್ಲ ಇದ್ದದ್ದು ಮೂಲೆಯ ಕಲ್ಲುಕಟ್ಟೆಯ ಮೇಲಿನ ಒಂದು ಗಾಜಿನ ಪೆಟ್ಟಿಗೆಯಲ್ಲಿ. ಅದರೊಳಗೆ ವಿಶ್ವವಿದ್ಯಾಲಯ ಕೊಟ್ಟ ತಕ್ಕಡಿ. ಸಾಸಿವೆಯನ್ನು ನೂರು ಚೂರು ಮಾಡಿ ಒಂದು ಚೂರನ್ನಿಟ್ಟರೂ ತೂಗುತ್ತದೆ ಎಂದು ಅವನು ಹೇಳುತ್ತಿದ್ದ. ಹೇಳುತ್ತಿದ್ದನೇ ಹೊರತು ಅವನೂ ನೋಡಿರಲಿಲ್ಲ. ಪೆಟ್ಟಿಗೆಯ ಮೇಲೆ ಕೆಂಪು ಬಣ್ಣದಲ್ಲಿ 'ಸಂಶೋಧನೆಗೆ ಮಾತ್ರ' ಎಂದು ಬರೆದಿತ್ತು. ಸಂಶೋಧನೆಗೆ ರಾಸಾಯನಿಕ ಬೇಕು, ರಾಸಾಯನಿಕಕ್ಕೆ ಅನುದಾನ ಬೇಕು, ಅನುದಾನದ ಅರ್ಜಿ ಏಳು ವರ್ಷಗಳಿಂದ 'ಪರಿಶೀಲನೆಯಲ್ಲಿದೆ'. ಪ್ರತಿ ಶನಿವಾರ ಶಟ್ಟೆಪ್ಪ ಪೆಟ್ಟಿಗೆಯ ಗಾಜು ಒರೆಸಿ, ಬೀಗಕ್ಕೆ ಎಣ್ಣೆ ಹಚ್ಚಿ, ಒಳಗೊಮ್ಮೆ ಇಣುಕಿ ನಿಟ್ಟುಸಿರು ಬಿಡುತ್ತಿದ್ದ.

೧೯೭೪ರ ಜುಲೈನಲ್ಲಿ ವಿಶ್ವವಿದ್ಯಾಲಯದಿಂದ ಒಂದು ಸುತ್ತೋಲೆ ಬಂತು. ಅನುದಾನದಿಂದ ಪಡೆದ ಉಪಕರಣಗಳನ್ನು ಬಳಸದೆ ಇಟ್ಟುಕೊಂಡ ಕಾಲೇಜುಗಳು ಬರುವ ಮಾರ್ಚ್ ಒಳಗೆ ಅವನ್ನು ಮರಳಿಸತಕ್ಕದ್ದು, ವಿದ್ಯಾರ್ಥಿಗಳಿಂದ ಸಂಶೋಧನೆ ನಡೆಯುತ್ತಿದ್ದರೆ ವಿನಾಯಿತಿ. ನಮ್ಮ ಪ್ರಿನ್ಸಿಪಾಲರು ಬಾಳಕೃಷ್ಣರಾಯರು, ನಿಯಮ ಎಂದರೆ ನಿದ್ದೆಯಲ್ಲೂ ಎದ್ದು ಕೂರುವವರು. ಅವರು ಶಟ್ಟೆಪ್ಪನನ್ನು ಕರೆದು, ತಕ್ಕಡಿ ಕಟ್ಟಿಡಲು ಒಂದು ಕಟ್ಟಿಗೆ ಪೆಟ್ಟಿಗೆಯನ್ನೂ ಎರಡು ಹೊರೆ ಹುಲ್ಲನ್ನೂ ನೋಡಿಡಲು ಹೇಳಿದರು. ಶಟ್ಟೆಪ್ಪ ತಲೆಯಾಡಿಸಿ ಹೊರಬಂದ. ಪೆಟ್ಟಿಗೆ ಹುಡುಕಲಿಲ್ಲ, ವಿದ್ಯಾರ್ಥಿಯನ್ನು ಹುಡುಕತೊಡಗಿದ.

ಕೊನೆಯ ವರ್ಷದಲ್ಲಿ ನಾವು ಹನ್ನೊಂದು ಜನ. ಮೊದಲ ನಂಬರಿನವನು ಇದು ಪರೀಕ್ಷೆಗೆ ಬರುತ್ತದೆಯೇ ಎಂದು ಕೇಳಿದ. ಎರಡನೆಯವನು ವಿದ್ಯಾರ್ಥಿವೇತನ ಸಿಗುತ್ತದೆಯೇ ಎಂದು ಕೇಳಿದಾಗ ಶಟ್ಟೆಪ್ಪ ಸುಳ್ಳು ಹೇಳಲಾರದೆ, ಅದೂ ಪರಿಶೀಲನೆಯಲ್ಲಿದೆ ಎಂದ. ಉಳಿದವರು ಒಂದೊಂದು ನೆಪ ಹೇಳಿ ಜಾರಿಕೊಂಡರು. ನಾನು ಹನ್ನೊಂದನೆಯವನು. ಕಿತ್ತೂರಿನಿಂದ ಬೆಳಗಿನ ಬಸ್ಸು ಹಿಡಿದು ಬರುತ್ತಿದ್ದವನಾದ್ದರಿಂದ ಮಧ್ಯಾಹ್ನದ ಹೊತ್ತಿಗೆ ನನಗೆ ಗಾಢನಿದ್ದೆ. ಅವನು ಬಂದು ಏನೋ ಕೇಳಿದ, ನಾನು ಹೂಂ ಎಂದು ತಲೆಯಾಡಿಸಿದೆ. ಎಚ್ಚರವಾದಾಗ ನಾನು ಸಂಶೋಧಕನಾಗಿದ್ದೆ.

ಒಲ್ಲೆನೆನ್ನಲು ಸಂಜೆ ಪ್ರಯೋಗಾಲಯಕ್ಕೆ ಹೋದೆ. ಅವನು ಗಾಜಿನ ಪೆಟ್ಟಿಗೆಯ ಮುಂದೆ ಸ್ಟೂಲಿನ ಮೇಲೆ ಕುಳಿತಿದ್ದ.

"ಏಳ ವರ್ಷ ಆತು ತಮ್ಮಾ," ಎಂದ. "ಒಂದ ಸಾಸಿವಿ ಕಾಳ ಸುದ್ದಾ ತೂಗಿಲ್ಲ. ಲಗ್ನಾಗಿ ಗಂಡನ ಮನಿ ಕಾಣದ ಮಗಳಂಗ ಮೂಲ್ಯಾಗ ಕುಂತೈತಿ. ಇದನ್ನ ಹಂಗ ಹುಲ್ಲಿನ್ಯಾಗ ಸುತ್ತಿ ಕಳಸಂದ್ರ ನನ್ನ ಕೈಲೆ ಆಗೂದಿಲ್ಲ."

ಒಲ್ಲೆನೆನ್ನಲು ಬಂದ ನಾನು, ಯಾವಾಗ ಶುರುಮಾಡೋಣ ಎಂದು ಕೇಳಿಬಿಟ್ಟೆ. ಮನುಷ್ಯ ಅಳುವ ಹಾಗಿದ್ದ.

ವಿಷಯ ಕೊಟ್ಟವರು ನಮ್ಮ ಉಪನ್ಯಾಸಕರಾದ ದಿಗಂಬರ ಸರ್. ಪ್ರತಿವರ್ಷ ಅನುದಾನಕ್ಕೆ ಅರ್ಜಿ ಬರೆದೂ ಬರೆದೂ ಅವರ ಅಕ್ಷರ ಮುತ್ತಿನಂತಾಗಿತ್ತು. ನವಿಲುತೀರ್ಥದ ಅಣೆಕಟ್ಟಿನ ಕಾಲುವೆ ನೀರು ಮುನವಳ್ಳಿ ಕಡೆಯ ಹಳ್ಳಿಗಳಿಗೆ ಆಗಷ್ಟೇ ಹರಿಯುತ್ತಿತ್ತು. ಅದು ಎಲ್ಲ ಕಡೆ ಹಬ್ಬುವ ಮೊದಲು ಯಾವ ಬಾವಿ ಸಿಹಿ, ಯಾವುದು ಸವಳು ಎಂದು ಬರೆದಿಟ್ಟರೆ ಹತ್ತು ವರ್ಷದ ಮೇಲೆ ಅದಕ್ಕೆ ಬೆಲೆ ಬರುತ್ತದೆ ಎಂದರು. ಪರೀಕ್ಷೆ ಮಾಡಲು ಸಿಲ್ವರ್ ನೈಟ್ರೇಟ್ ಬೇಕು, ಅದು ಇಲ್ಲ. ನೀರನ್ನು ಕಾಯಿಸಿ ಒಣಗಿಸಿ ಉಳಿದ ಉಪ್ಪನ್ನು ತೂಗಬಹುದು, ಅದಕ್ಕೆ ತಕ್ಕಡಿ ಬೇಕು. ತಕ್ಕಡಿ ಮುಟ್ಟಲು ಸಂಶೋಧನೆ ನೋಂದಣಿಯಾಗಬೇಕು, ನೋಂದಣಿಯಾಗಲು ಮೊದಲ ಫಲಿತಾಂಶ ಕಳಿಸಬೇಕು. ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು. ಕೊನೆಗೆ ಸದ್ಯಕ್ಕೆ ಬಾಯಿಮಾತಿನಲ್ಲೇ ಕೇಳಿಕೊಂಡು ಬನ್ನಿ ಎಂದು ಸರ್ ಒಂದು ಪ್ರಶ್ನೆಪಟ್ಟಿ ಬರೆದುಕೊಟ್ಟರು. ಹೊಲ ಎಷ್ಟು, ನೀರಾವರಿ ಎಷ್ಟು, ಬಾವಿ ಎಷ್ಟು ಆಳ, ನೀರು ಸಿಹಿಯೋ ಸವಳೋ, ಏನೇನು ಬೆಳೆಯುತ್ತೀರಿ, ಮನೆಯಲ್ಲಿ ಎಷ್ಟು ಜನ.

ಭಾನುವಾರ ಮುನವಳ್ಳಿ ಬಸ್ಸು ಹತ್ತಲು ಬಂದ ಶಟ್ಟೆಪ್ಪನನ್ನು ನಾನು ಗುರುತಿಸಲೇ ಇಲ್ಲ. ಬಿಳಿ ಧೋತರ, ಕರಿ ಕೋಟು, ತಲೆಗೆ ಹಳದಿ ರುಮಾಲು, ಹೆಗಲ ಮೇಲೆ ಮಡಿಕೆ ಮುರಿಯದ ಶಲ್ಯ. ಕಾಲೇಜಿನ ಮರ್ಯಾದೆಯ ಪ್ರಶ್ನೆ ಎಂದ. ನಾನು ಬಗಲಲ್ಲಿ ಬರೆದುಕೊಳ್ಳುವ ವಹಿ ಹಿಡಿದು ಅವನ ಹಿಂದೆ ನಡೆದೆ.

ಜನ ಇಷ್ಟು ಒಳ್ಳೆಯವರೆಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಹೊಲ ಎಷ್ಟು ಎಂದು ಶಟ್ಟೆಪ್ಪ ಕೇಳುವುದೇ ತಡ, ಕಂಬಳಿ ಹಾಸುತ್ತಿದ್ದರು. ಬಾವಿ ಎಷ್ಟು ಆಳ ಎನ್ನುವಷ್ಟರಲ್ಲಿ ಒಳಗೆ ಒಗ್ಗರಣೆಯ ಸದ್ದು. ಒಂದು ಮನೆಯಲ್ಲಿ ಉಪ್ಪಿಟ್ಟು, ಇನ್ನೊಂದರಲ್ಲಿ ಮಾದಲಿ, ಮತ್ತೊಂದರಲ್ಲಿ ಶಾವಿಗೆಗೆ ಹಾಲು ತುಪ್ಪ. ವಿಜ್ಞಾನದ ಮೇಲೆ ನನಗೆ ಪ್ರೀತಿ ಹುಟ್ಟಿದ್ದು ಆಗಲೇ. ಪ್ರತಿ ಮನೆಯಲ್ಲೂ ಆಗಷ್ಟೇ ಮಿಂದು, ತಲೆಗೆ ಎಣ್ಣೆ ಹಚ್ಚಿ ಬಾಚಿಕೊಂಡ ಒಬ್ಬ ತರುಣ ಬಂದು ಕಂಬಕ್ಕೆ ಆತುಕೊಂಡು ನಿಲ್ಲುತ್ತಿದ್ದ. ಈ ಕಡೆಯ ಹುಡುಗರು ಎಷ್ಟು ಶುಚಿ ಎಂದುಕೊಂಡೆ. ಹಿರಿಯರು ಶಟ್ಟೆಪ್ಪನನ್ನು ಯಾವ ಮಠದ ಭಕ್ತರು, ಮಕ್ಕಳೆಷ್ಟು ಎಂದು ವಿಚಾರಿಸುತ್ತಿದ್ದರು. ಅವನಿಗೆ ನಿಜವಾಗಿಯೂ ಮೂವರು ಹೆಣ್ಣುಮಕ್ಕಳು. ಹಿರಿಯವಳು ಬಾಯವ್ವ ಏಳನೆಯ ಇಯತ್ತೆ ಪಾಸಾಗಿದ್ದಾಳೆ, ರೊಟ್ಟಿ ಬಡಿದರೆ ಕಾಗದದಂತೆ ಎಂದು ಅಕ್ಕರೆಯಿಂದ ಹೇಳುತ್ತಿದ್ದ. ಕೇಳಿದರೆ ಯಾವ ತಂದೆ ಹೇಳುವುದಿಲ್ಲ? ನನ್ನನ್ನು ಅವನ ತಮ್ಮನ ಮಗನೋ ತಂಗಿಯ ಮಗನೋ ಎಂದುಕೊಂಡು ನನಗೂ ಎರಡನೆಯ ಸಲ ಬಡಿಸುತ್ತಿದ್ದರು.

ನೀರು ಹೇಗೆ ಎಂದು ಕೇಳಿದಾಗ ಮಾತ್ರ ಎಲ್ಲರದೂ ಒಂದೇ ಉತ್ತರ, ಸಕ್ಕರೆ. ಹೀಗೆ ಆರು ಭಾನುವಾರಗಳಲ್ಲಿ ನಲವತ್ತು ಬಾವಿಗಳನ್ನು ಮುಗಿಸಿದೆವು. ನಲವತ್ತೂ ಸಕ್ಕರೆ.

ನಲವತ್ತೊಂದನೆಯದು ಕಾಲುವೆಯ ಈಚೆ, ಊರ ಅಂಚಿನ ಒಂಟಿ ಮನೆ. ಯಲ್ಲವ್ವ ಎಂಬ ಹಿರಿಯ ಹೆಂಗಸು ಕಂಬಳಿ ಹಾಸಿ, ಚಹಕ್ಕೆ ಇಡುತ್ತ, ನಮ್ಮ ನೀರು ಅಮೃತ ಎಂದು ಶುರುಮಾಡಿದಳು. ಅಷ್ಟರಲ್ಲಿ ಅವಳ ಮಗ ವೀರಪ್ಪ ಹೊಲದಿಂದ ಬಂದ. ಮೊಣಕಾಲಿನ ತನಕ ಎರೆಮಣ್ಣು, ತಲೆಗೆ ಎಣ್ಣೆಯಿಲ್ಲ. ಸಲಿಕೆ ಗೋಡೆಗೆ ಒರಗಿಸಿ ತಾಯಿಯ ಮಾತಿಗೆ ಅಡ್ಡಬಂದ.

"ಸವಳ ಐತ್ರಿ ಹಿರ್ಯಾರ. ನಮ್ಮ ಬಾವಿ ನೀರಾಗ ಬ್ಯಾಳಿ ಬೇಯಂಗಿಲ್ಲ. ಅವ್ವ ದಿನಾ ಕಾಲಿವಿಗೆ ಹೋಗಿ ಕೊಡಾ ಹೊತ್ತ ತರತಾಳ. ಹೆಣ್ಣ ಕೊಡಾಕ ಬಂದಿದ್ರ ಇದನ್ನ ತಿಳಕೊಂಡ ಕೊಡ್ರಿ."

"ಯಾವ ಹೆಣ್ಣ?" ಎಂದ ಶಟ್ಟೆಪ್ಪ.

ಯಲ್ಲವ್ವ ಹಣೆ ಬಡಿದುಕೊಂಡಳು. ಬಂದ ಬೀಗರನ್ನು ಮಗ ಹೀಗೆ ಓಡಿಸುತ್ತಿರುವುದು ಇದು ಮೂರನೆಯ ಸಲವಂತೆ. ಸವಳು ನೀರಿನ ಮನೆಗೆ ಯಾರು ಹೆಣ್ಣು ಕೊಡುತ್ತಾರೆ? ಸುತ್ತಲಿನವರೆಲ್ಲ ಬಾಯಿ ಮುಚ್ಚಿಕೊಂಡು ಮಕ್ಕಳ ಮದುವೆ ಮಾಡಿಕೊಳ್ಳುತ್ತಿದ್ದಾರೆ, ಇವನಿಗೆ ಮಾತ್ರ ಹರಿಶ್ಚಂದ್ರನ ಚಟ. ಬೈಲಹೊಂಗಲದಿಂದ ಹಳದಿ ರುಮಾಲಿನ ಹಿರಿಯರೊಬ್ಬರು ಮಗಳಿಗೆ ಮನೆತನ ನೋಡುತ್ತ ತಿರುಗುತ್ತಿದ್ದಾರೆ, ತಮ್ಮ ಮನೆಗೂ ಬಂದಾರೆಂದು ಒಂದು ತಿಂಗಳಿನಿಂದ ಕಾದಿದ್ದಳಂತೆ, ಪಾಪ.

ಹೊಲ ಎಷ್ಟು, ನೀರು ಹೇಗೆ, ಮನೆಯಲ್ಲಿ ಎಷ್ಟು ಜನ. ನಮ್ಮ ಸೀಮೆಯಲ್ಲಿ ಇವನ್ನು ಕೇಳುತ್ತ ಊರೂರು ತಿರುಗುವವನು ಹೆಣ್ಣಿನ ತಂದೆಯೊಬ್ಬನೇ. ಎಂ.ಎಸ್ಸಿ. ಮಾಡಿದ ದಿಗಂಬರ ಸರ್‌ಗೆ ಇದು ಹೊಳೆಯಲಿಲ್ಲ, ಅವರಿಗಿನ್ನೂ ಮದುವೆಯಾಗಿರಲಿಲ್ಲ. ನನಗೂ ಹೊಳೆಯಲಿಲ್ಲ, ನನ್ನ ಬಾಯಲ್ಲಿ ಯಾವಾಗಲೂ ಏನಾದರೊಂದು ಇರುತ್ತಿತ್ತು.

ಮರಳುವ ದಾರಿಯಲ್ಲಿ ಶಟ್ಟೆಪ್ಪ ಒಂದು ಬೇವಿನ ಮರದ ಕೆಳಗೆ ಕುಸಿದು ಕುಳಿತ. ರುಮಾಲು ತೆಗೆದು ತೊಡೆಯ ಮೇಲಿಟ್ಟುಕೊಂಡ. ನಲವತ್ತು ಮನೆಯ ಅನ್ನ ಸುಳ್ಳು ಹೇಳಿ ತಿಂದ ಹಾಗಾಯಿತಲ್ಲ ಎಂಬುದು ಅವನ ಸಂಕಟ. ಸುಳ್ಳು ಹೇಳಿದವರು ಅವರು ಎಂದು ನಾನು ಸಮಾಧಾನ ಹೇಳಿದೆ. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎನ್ನುತ್ತಾರೆ. ಇಲ್ಲಿ ನಲವತ್ತು ಸುಳ್ಳು ಬಿದ್ದು ಒಂದು ಮದುವೆಯೂ ಆಗಿರಲಿಲ್ಲ, ಸಂಶೋಧನೆಯೂ ಆಗಿರಲಿಲ್ಲ. ಅಕ್ಟೋಬರ್ ಮುಗಿಯುತ್ತ ಬಂದಿತ್ತು. ಮಾರ್ಚಿಗೆ ಐದು ತಿಂಗಳು.

ದಿಗಂಬರ ಸರ್ ನಕ್ಕೂ ನಕ್ಕೂ ಸುಸ್ತಾಗಿ, ಹಾಗಾದರೆ ಪ್ರತಿಯೊಬ್ಬರಿಗೂ ಪಕ್ಕದ ಮನೆಯ ಬಾವಿಯ ಬಗ್ಗೆ ಕೇಳಿ ಎಂದರು. ಮತ್ತೆ ಹೋದೆವು. ಈ ಸಲ ಶಟ್ಟೆಪ್ಪ ಖಾಕಿ ಅಂಗಿಯಲ್ಲಿದ್ದ, ಮೊದಲೇ ನಾವು ಕಾಲೇಜಿನವರು ಎಂದು ಕೂಗಿ ಹೇಳುತ್ತಿದ್ದ. ಕಂಬಳಿ ಹಾಸಲಿಲ್ಲ, ಉಪ್ಪಿಟ್ಟಿನ ಸುದ್ದಿಯೇ ಇಲ್ಲ. ಒಬ್ಬ ಯಜಮಾನರು, ನಿಮಗೆ ಬಡಿಸಿದ ತುಪ್ಪವಾದರೂ ಕಾಲೇಜಿನವರು ಕೊಡುತ್ತಾರೇನು ಎಂದು ಕೇಳಿದರು. ಆದರೆ ಪಕ್ಕದ ಮನೆಯ ಬಾವಿ ಎಂದಕೂಡಲೆ ಎಲ್ಲರಿಗೂ ಉತ್ಸಾಹ. ಅವರದೇ? ಅದು ವಿಷ, ದನವೂ ಮೂಸುವುದಿಲ್ಲ. ಮೂರು ಭಾನುವಾರಗಳಲ್ಲಿ ಲೆಕ್ಕ ಸಿಕ್ಕಿತು. ನಲವತ್ತಕ್ಕೆ ನಲವತ್ತೂ ಸವಳು.

ನಾನು ವಹಿ ಮುಚ್ಚಿ, ಪೆಟ್ಟಿಗೆಗೆ ಹುಲ್ಲು ಎಲ್ಲಿ ಸಿಗುತ್ತದೆ ಎಂದು ಕೇಳಿಯೂಬಿಟ್ಟೆ. ಶಟ್ಟೆಪ್ಪ ಎರಡು ದಿನ ಪರೀಕ್ಷಾ ನಳಿಕೆಗಳನ್ನು ತೊಳೆದ. ಮೂರನೆಯ ದಿನ ನನ್ನನ್ನು ಕರೆದ.

"ಮನಷ್ಯಾರನ್ನ ಕೇಳೂದ ಬ್ಯಾಡ. ಆ ಹುಡುಗ ಹೇಳಿದ್ನಲ್ಲ, ಬ್ಯಾಳಿ ಬೇಯಂಗಿಲ್ಲಂತ. ಬ್ಯಾಳೀನ ಕೇಳೂಣು. ಅದಕ್ಕ ಲಗ್ನದ ಹುಡುಗೂ ಇಲ್ಲ, ಬಾಜೂ ಮನ್ಯಾವರೂ ಇಲ್ಲ."

ದವಾಖಾನೆಯ ಕಂಪೌಂಡರನ ಕಾಲು ಹಿಡಿದು ನಲವತ್ತೊಂದು ಖಾಲಿ ಔಷಧಿ ಬಾಟಲಿ ತಂದ. ಮನೆಯವರು ಬೇರೆ ಕಡೆಯಿಂದ ನೀರು ತುಂಬಿ ಕೊಟ್ಟಾರೆಂದು ಹಗ್ಗ ತಂಬಿಗೆ ಹೊತ್ತುಕೊಂಡು ಹೋಗಿ, ಪ್ರತಿ ಬಾವಿಯಿಂದಲೂ ತಾನೇ ಸೇದಿ ತುಂಬಿದ. ಗೋಣಿಚೀಲದಲ್ಲಿ ಬಾಟಲಿಗಳು ಗಲಗಲ ಎನ್ನುವುದನ್ನು ಕೇಳಿ ಬಸ್ ಸ್ಟ್ಯಾಂಡಿನಲ್ಲಿ ಒಬ್ಬ ಪೋಲೀಸಪ್ಪ ನಮ್ಮನ್ನು ಹಿಡಿದ. ನಲವತ್ತೊಂದನ್ನೂ ಒಂದೊಂದಾಗಿ ಮೂಸಿ ನೋಡಿದ. ಅವನ ಮುಖದಲ್ಲಿದ್ದಷ್ಟು ನಿರಾಸೆಯನ್ನು ನಾನು ಮುಂದೆ ನನ್ನ ಪರೀಕ್ಷೆಯ ಫಲಿತಾಂಶ ಬಂದ ದಿನ ನನ್ನ ತಂದೆಯ ಮುಖದಲ್ಲಿ ಮಾತ್ರ ಕಂಡೆ.

ಆಮೇಲೆ ಒಂದು ವಾರ ಪ್ರಯೋಗಾಲಯದಲ್ಲಿ ಬೇಳೆ ಬೇಯಿತು. ಎಲ್ಲದಕ್ಕೂ ಶಟ್ಟೆಪ್ಪನ ಮನೆಯ ಒಂದೇ ಡಬ್ಬಿಯ ತೊಗರಿಬೇಳೆ, ಒಂದೇ ಅಳತೆಯ ನೀರು, ಒಂದೇ ಸ್ಟೋ, ಒಂದೇ ಉರಿ. ದಿಗಂಬರ ಸರ್ ಕೈಗಡಿಯಾರ ಬಿಚ್ಚಿ ನನಗೆ ಕೊಟ್ಟಿದ್ದರು. ಶಟ್ಟೆಪ್ಪ ಐದು ನಿಮಿಷಕ್ಕೊಮ್ಮೆ ಒಂದು ಬೇಳೆ ತೆಗೆದು ಬೆರಳಲ್ಲಿ ಒತ್ತಿ ನೋಡುತ್ತಿದ್ದ, ನಾನು ಹೊತ್ತು ಬರೆದುಕೊಳ್ಳುತ್ತಿದ್ದೆ. ವಾಸನೆ ಕಾಲೇಜಿನ ತುಂಬ ಹಬ್ಬಿತು. ಇತಿಹಾಸದ ತರಗತಿಯವರು ರೊಟ್ಟಿ ಗಂಟು ಹಿಡಿದುಕೊಂಡು ಬಾಗಿಲಲ್ಲಿ ನಿಂತರು. ಹುಚ್ಚುಮುಂಡೆ ಮದುವೆಯಲ್ಲಿ ಉಂಡವನೇ ಜಾಣ ಎಂದು ನಾನೂ ಅವರೊಡನೆ ಸೇರಿಕೊಂಡೆ.

ಬಾಳಕೃಷ್ಣರಾಯರು ಮೂಗು ಹಿಡಿದುಕೊಂಡೇ ಬಂದರು. ಪ್ರಯೋಗಾಲಯದಲ್ಲಿ ನಿಷಿದ್ಧವಾದ ವಸ್ತುಗಳ ಪಟ್ಟಿ ತರಿಸಿ ಎರಡು ಸಲ ಓದಿದರು. ಬೀಡಿ ಇತ್ತು, ಎಲೆಯಡಿಕೆ ಇತ್ತು, ತೊಗರಿಬೇಳೆ ಇರಲಿಲ್ಲ. ನಿಮ್ಮ ಬೇಳೆ ವಿಶ್ವವಿದ್ಯಾಲಯದ ಮುಂದೆ ಬೇಯಲಾರದು ಎಂದಷ್ಟೇ ಹೇಳಿ ಹೋದರು.

ಬೇಳೆ ಯಾರ ಮುಲಾಜನ್ನೂ ಇಟ್ಟುಕೊಳ್ಳಲಿಲ್ಲ. ಹದಿನೇಳು ಬಾವಿಯ ನೀರಲ್ಲಿ ಬೇಗ ಬೆಂದು ಕರಗಿತು, ಇಪ್ಪತ್ತನಾಲ್ಕರಲ್ಲಿ ಸತಾಯಿಸಿತು. ವೀರಪ್ಪನ ಬಾವಿಯ ನೀರಲ್ಲಿ ಎರಡೂವರೆ ತಾಸಾದರೂ ಬೇಳೆ ಹಾಗೆಯೇ ಕಲ್ಲಾಗಿ ಕುಳಿತಿತ್ತು. ಶಟ್ಟೆಪ್ಪ ಆ ಬೇಳೆಯನ್ನು ಬೆರಳಲ್ಲಿ ಹಿಡಿದು ಬಹಳ ಹೊತ್ತು ನೋಡಿದ. ಆ ಹುಡುಗ ಒಂದಕ್ಷರವೂ ಹೆಚ್ಚುಕಡಿಮೆ ಹೇಳಿರಲಿಲ್ಲ ಎಂದ.

ಸರ್ ಎಲ್ಲವನ್ನೂ ಒಪ್ಪವಾದ ಕೋಷ್ಟಕ ಮಾಡಿದರು. ಮನೆಯವರ ಮಾತು, ನೆರೆಯವರ ಮಾತು, ಬೇಳೆ ಬೆಂದ ಹೊತ್ತು. ಏಳು ವರ್ಷ ಬಾಯಿಬಿಡದ ವಿಶ್ವವಿದ್ಯಾಲಯ ಒಂದೇ ತಿಂಗಳಲ್ಲಿ ಉತ್ತರ ಬರೆಯಿತು. ಬೇಳೆ ಬೇಯಿಸುವುದು ಮಾನ್ಯವಾದ ವಿಧಾನವಲ್ಲ, ಹತ್ತು ಬಾವಿಗಳ ನೀರನ್ನಾದರೂ ಒಣಗಿಸಿ, ಉಳಿದ ಉಪ್ಪಿನ ತೂಕ ಕಳಿಸಿರಿ. ಬಾಳಕೃಷ್ಣರಾಯರು ಕನ್ನಡಕ ತೆಗೆದು, ಒರೆಸಿ, ಹಾಕಿಕೊಂಡು ಓದಿದರು. ತೂಕ ಎಂದರೆ ತಕ್ಕಡಿ. ಅವರೇ ತೂಕ ಕೇಳಿದ ಮೇಲೆ ತಕ್ಕಡಿ ಮುಟ್ಟಬೇಡಿ ಎನ್ನಲು ತಾವು ಯಾರು? ಕಾಗದವನ್ನು ಗಾಜಿನ ಪೆಟ್ಟಿಗೆಗೆ ಅಂಟಿಸಬೇಕೆಂಬ ಷರತ್ತಿನ ಮೇಲೆ ಬೀಗದಕೈ ಕೊಟ್ಟರು.

ಫೆಬ್ರವರಿಯ ಒಂದು ಸೋಮವಾರ. ಶಟ್ಟೆಪ್ಪ ಮಿಂದು ಹೊಸ ಧೋತರ ಉಟ್ಟು ಬಂದಿದ್ದ. ತಕ್ಕಡಿಯ ಮುಂದೆ ಕಾಯಿ ಒಡೆಯುತ್ತೇನೆಂದ. ಒಂದು ಹನಿ ಕಾಯಿನೀರು ಸಿಡಿದರೂ ಕೆಟ್ಟೀತು ಎಂದು ಸರ್ ತಡೆದಿದ್ದರಿಂದ ಹೊರಗೆ ಮೆಟ್ಟಿಲ ಮೇಲೆ ಒಡೆದ. ಗಾಳಿಗೆ ತಕ್ಕಡಿ ಅಲುಗಬಾರದೆಂದು ಕಿಟಕಿ ಬಾಗಿಲು ಮುಚ್ಚಿದೆವು. ನೀರು ಒಣಗಿಸಿದ ಪಿಂಗಾಣಿ ಬಟ್ಟಲುಗಳನ್ನು ಸರ್ ಒಂದೊಂದಾಗಿ ತೂಗಿದರು. ಹತ್ತನೆಯದು ವೀರಪ್ಪನ ಬಾವಿಯದು. ಅದರ ಸರದಿ ಬಂದಾಗ ಸರ್ ಎದ್ದು, ಇದನ್ನು ನೀವೇ ತೂಗಿರಿ ಎಂದು ಚಿಮಟಿಗೆಯನ್ನು ಶಟ್ಟೆಪ್ಪನ ಕೈಗಿಟ್ಟರು. ಏಳು ವರ್ಷ ಗಾಜು ಒರೆಸಿದ ಕೈ ಅದು. ಅವನು ಉಸಿರು ಬಿಗಿಹಿಡಿದು ಬಟ್ಟಲಿಟ್ಟ. ಒಂದೊಂದೇ ತೂಕದ ಕಲ್ಲಿಟ್ಟ. ಮುಳ್ಳು ಅತ್ತಿತ್ತ ತೂಗಿ ನಡುವೆ ನಿಂತಿತು. ಖಾಲಿ ಬಟ್ಟಲಿನ ತೂಕ ಕಳೆದು, ನೂರು ಮಿಲಿಲೀಟರ್ ನೀರಿಗೆ ಸೊನ್ನೆ ದಶಾಂಶ ಮೂರು ಒಂದು ಎರಡು ನಾಲ್ಕು ಗ್ರಾಂ ಎಂದು ನಾನು ಓದಿದೆ. ಶಟ್ಟೆಪ್ಪ ಅಳುತ್ತಿದ್ದ. ಮೂರು ವರ್ಷ ಆ ಪ್ರಯೋಗಾಲಯದಲ್ಲಿ ನಿದ್ದೆ ಮಾಡಿದ್ದಕ್ಕೆ ಅವತ್ತು ನನಗೆ ನಿಜವಾಗಿ ನಾಚಿಕೆಯಾಯಿತು.

ವರದಿ ಹೋಯಿತು. ಅದು ಹೋಗುವಷ್ಟರಲ್ಲಿ ಸುದ್ದಿ ಸವದತ್ತಿ ದಾಟಿ ರಾಮದುರ್ಗದ ತನಕ ಹೋಗಿತ್ತು. ಕಾಲೇಜಿನಲ್ಲಿ ಯಾರ ಮನೆಯ ಬಾವಿ ಸವಳು ಎಂಬ ಪಟ್ಟಿ ಇದೆಯಂತೆ. ಹೆಣ್ಣು ಹೆತ್ತವರು ಪ್ರಯೋಗಾಲಯದ ಮುಂದೆ ಬಂದು ಕೂರತೊಡಗಿದರು. ಬಾಳಕೃಷ್ಣರಾಯರು 'ಇಲ್ಲಿ ಸಂಬಂಧ ವಿಚಾರಿಸಬಾರದು' ಎಂದು ಹಲಗೆ ತೂಗುಹಾಕಿಸಿದರು. ಶಟ್ಟೆಪ್ಪನೂ ಪಟ್ಟಿ ತೋರಿಸಲಿಲ್ಲ, ಅದು ವಿಶ್ವವಿದ್ಯಾಲಯದ ಸೊತ್ತು. ಮನೆತನ ನೋಡಲು ಹೋಗುವಾಗ ಜೇಬಿನಲ್ಲಿ ಒಂದು ಹಿಡಿ ಬೇಳೆ ಒಯ್ಯಿರಿ ಎಂದಷ್ಟೇ ಹೇಳಿ ಕಳಿಸುತ್ತಿದ್ದ. ಆ ಬೇಸಿಗೆಯಲ್ಲಿ ಎಷ್ಟೋ ಬೀಗರು ಅಡುಗೆಮನೆಗೆ ನುಗ್ಗಿ ಬೇಳೆಗಿಟ್ಟು ಕುಳಿತರೆಂದು ಕೇಳಿದೆವು.

ಶಟ್ಟೆಪ್ಪ ಮಾತ್ರ ಏಪ್ರಿಲ್ ತಿಂಗಳಲ್ಲಿ ಮತ್ತೆ ಹಳದಿ ರುಮಾಲು ಸುತ್ತಿಕೊಂಡ. ಈ ಸಲ ನಿಜವಾಗಿಯೂ ಹೆಣ್ಣಿನ ತಂದೆಯಾಗಿ, ವೀರಪ್ಪನ ಮನೆಗೆ ಹೊರಟದ್ದು. ಹೋಗುವ ಮೊದಲು ಬಾಯವ್ವನನ್ನು ಕೇಳಿದನಂತೆ. ಅವಳು, ಉಪ್ಪು ಎಷ್ಟಿದೆ ಎಂದಳು. ಇವನು ದಶಾಂಶದ ನಾಲ್ಕೂ ಅಂಕಿಗಳನ್ನು ಹೇಳಿದ. ಅವಳು, ಅದು ಬಿಡು, ಕಾಲುವೆ ಎಷ್ಟು ದೂರ ಎಂದು ಕೇಳಿದಳು. ಅದನ್ನು ನಾವು ಯಾರೂ ಅಳೆದಿರಲಿಲ್ಲ. ಶಟ್ಟೆಪ್ಪ ಮರುದಿನದ ಬಸ್ಸಿಗೆ ಹೋಗಿ ಹೆಜ್ಜೆ ಎಣಿಸಿ ಬಂದ. ಆರುನೂರ ನಲವತ್ತು ಹೆಜ್ಜೆ. ಹಾಗಾದರೆ ಆಗಲಿ ಎಂದಳು ಬಾಯವ್ವ. ನಮ್ಮ ಇಡೀ ಸಂಶೋಧನೆಯಲ್ಲಿ ಬುದ್ಧಿಯ ಪ್ರಶ್ನೆ ಕೇಳಿದವಳು ಅವಳೊಬ್ಬಳೇ.

ಹದಿನೇಳು ಸಿಹಿ ಬಾವಿಗಳ ಪಟ್ಟಿ ಕೈಯಲ್ಲೇ ಇದ್ದೂ ಎಲ್ಲಕ್ಕಿಂತ ಸವಳು ಬಾವಿಯ ಮನೆಗೆ ಮಗಳನ್ನು ಕೊಟ್ಟವನನ್ನು ಊರು ಸುಮ್ಮನೆ ಬಿಡುತ್ತದೆಯೇ? ನಾನೂ ಬಿಡಲಿಲ್ಲ, ಅಕ್ಷತೆ ಹಾಕಿ ಕೆಳಗಿಳಿದವನೇ ಕೇಳಿದೆ.

"ನೀರಿನ ಉಪ್ಪ ತೂಗಾಕ ತಕ್ಕಡಿ ಐತಿ," ಎಂದ ಶಟ್ಟೆಪ್ಪ. "ಮನಷ್ಯಾನ ಮಾತ ತೂಗಾಕ ನಲವತ್ತ ಮನಿ ತಿರಗಬೇಕಾತು. ಕಾಲಿವಿ ನೀರ ಇವತ್ತಿಲ್ಲ ನಾಳೆ ಅವರ ಬಾವಿಗೆ ಬರತೈತಿ. ಖರೇ ಮಾತ ಯಾವ ಕಾಲಿವ್ಯಾಗೂ ಹರದ ಬರೂದಿಲ್ಲ."

ಜೂನ್‌ನಲ್ಲಿ ವಿಶ್ವವಿದ್ಯಾಲಯದ ಕಾಗದ ಬಂತು. ವರದಿ ಮೆಚ್ಚತಕ್ಕದ್ದಾಗಿದೆ. ಆದರೆ ಅನುದಾನದ ಅಭಾವದಿಂದ ವಿದ್ಯಾರ್ಥಿ ಸಂಶೋಧನೆಯ ಯೋಜನೆಯನ್ನೇ ನಿಲ್ಲಿಸಲಾಗಿದೆ. ಸಂಶೋಧನೆ ಮುಗಿದಿರುವುದರಿಂದ ತಕ್ಕಡಿ ಮರಳಿಸತಕ್ಕದ್ದು, ವಾಹನ ಕಳಿಸಲಾಗುವುದು. ದೇವರು ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರೆ, ಇಲ್ಲಿ ಇಬ್ಬರೂ ಕೊಡಲಿಲ್ಲ. ಹೇಗೋ ಪಾಸಾಗಿ ಊರು ಸೇರಿದ್ದ ನಾನು ಓಡಿ ಬಂದೆ. ಶಟ್ಟೆಪ್ಪ ಕಟ್ಟಿಗೆ ಪೆಟ್ಟಿಗೆಯೊಂದನ್ನು ತಂದಿಟ್ಟು, ಅದರ ಮೇಲೆಯೇ ಕುಳಿತು ರಸ್ತೆ ನೋಡುತ್ತಿದ್ದ. ಜುಲೈ ಹೋಯಿತು, ವಾಹನ ಬರಲಿಲ್ಲ. ವಾಹನಕ್ಕೂ ಅನುದಾನ ಇರಲಿಲ್ಲವಂತೆ. ಬರುವ ವರ್ಷದ ತನಕ ತಕ್ಕಡಿಯನ್ನು ಜೋಪಾನ ಮಾಡಿರಿ ಎಂದು ಮತ್ತೊಂದು ಕಾಗದ ಬಂತು.

ಅಷ್ಟರಲ್ಲಿ ನಾಗರಪಂಚಮಿ ಬಂತು. ಬಾಯವ್ವ ತವರಿಗೆ ಬರುವಾಗ ಉಂಡಿಯ ಡಬ್ಬಿಯ ಜೊತೆಗೆ ಒಂದು ಬಾಟಲಿ ಬಾವಿನೀರನ್ನೂ ತಂದಳು. ಹಾಗೆ ತರಲು ಅಪ್ಪನೇ ಹೇಳಿದ್ದ. ಮಗಳ ಮನೆಯ ನೀರು ಹೇಗಾಯಿತೆಂದು ತಂದೆಗೆ ತಿಳಿಯಬೇಕಲ್ಲ. ಶಟ್ಟೆಪ್ಪ ದಿಗಂಬರ ಸರ್ ಅವರನ್ನು ಕಾಡಿ ಬೇಡಿ, ಒಣಗಿಸಿ, ತೂಗಿ, ನನ್ನ ಹಳೆಯ ವಹಿಯಲ್ಲೇ ಬರೆದಿಟ್ಟ. ಮರುವರ್ಷದ ಪಂಚಮಿಗೆ ಮತ್ತೆ ಬಾಟಲಿ, ಮತ್ತೆ ತೂಕ.

ಅದೇ ತಿಂಗಳು ಸುತ್ತೋಲೆಯೂ ಬಂತು. ಸಂಶೋಧನೆ ನಡೆಯುತ್ತಿದ್ದರೆ ವಿವರ ಕೊಡಿ, ಇಲ್ಲವಾದರೆ ತಕ್ಕಡಿ ಕೊಡಿ. ಬಾಳಕೃಷ್ಣರಾಯರ ಮುಂದೆ ಶಟ್ಟೆಪ್ಪ ವಹಿ ತೆರೆದಿಟ್ಟ. ಬಾವಿ ನಂಬರ್ ನಲವತ್ತೊಂದು, ಮೂರು ಸಲದ ತೂಕ. ರಾಯರು ನಿಯಮಾವಳಿ ತರಿಸಿ ಎರಡು ಸಲ ಓದಿದರು. ಮಗಳ ಮನೆಯ ಬಾವಿಯನ್ನು ಸಂಶೋಧಿಸಬಾರದೆಂದು ಯಾವ ನಿಯಮವೂ ಇರಲಿಲ್ಲ. 'ನಡೆಯುತ್ತಿರುವ ಸಂಶೋಧನೆ: ಒಂದು' ಎಂದು ಬರೆದು ರುಜು ಹಾಕಿದರು. ಮುಂದೆ ಪ್ರತಿವರ್ಷವೂ ಅದನ್ನೇ ಬರೆದರು. ತಕ್ಕಡಿ ಉಳಿಸಿಕೊಳ್ಳಲು ಶಟ್ಟೆಪ್ಪ ಮಗಳನ್ನು ಸವಳು ನೀರಿಗೆ ನೂಕಿದ ಎಂದು ಊರಿನವರು ಆಡಿಕೊಂಡರೆ ಅವನು ಕೆಂಡವಾಗುತ್ತಿದ್ದ, ಬಾಯವ್ವ ಮಾತ್ರ ಬಿದ್ದು ಬಿದ್ದು ನಗುತ್ತಿದ್ದಳು.

೧೯೭೯ರ ಪಂಚಮಿಯ ಮರುದಿನ ನಾನೂ ಪ್ರಯೋಗಾಲಯದಲ್ಲಿದ್ದೆ. ಆಗ ನಾನು ಕಿತ್ತೂರಿನಲ್ಲಿ ವಿಜ್ಞಾನದ ಮಾಸ್ತರ. ವೀರಪ್ಪನ ಹೊಲಕ್ಕೆ ಕಾಲುವೆ ನೀರು ಬಂದು ಎರಡು ವರ್ಷವಾಗಿತ್ತು. ಶಟ್ಟೆಪ್ಪ ಬಟ್ಟಲು ತೂಗಿದ. ನಂಬದೆ ಇನ್ನೊಮ್ಮೆ ತೂಗಿದ. ಸೊನ್ನೆ ದಶಾಂಶ ಸೊನ್ನೆ ಆರು. ಅವನ ಮುಖ ಅರಳಿತು, ಮಗಳು ಇನ್ನು ಕಾಲುವೆಯ ತನಕ ಕೊಡ ಹೊರಬೇಕಾಗಿರಲಿಲ್ಲ. ಆಮೇಲೆ ತಕ್ಕಡಿಯ ಕಡೆ ನೋಡಿದ, ಮುಖ ಬಾಡಿತು. ನೀರು ಸಿಹಿಯಾದ ಮೇಲೆ ಸಂಶೋಧನೆ ಇನ್ನೇನು ಉಳಿಯಿತು? ಅವನು ಗಾಜು ಒರೆಸುತ್ತ ನಿಂತ. ಕೂಸನ್ನು ಬಗಲಲ್ಲಿ ಎತ್ತಿಕೊಂಡು ಬಾಗಿಲಲ್ಲಿ ನಿಂತಿದ್ದ ಬಾಯವ್ವ ಅಪ್ಪನ ಮುಖವನ್ನೇ ನೋಡುತ್ತಿದ್ದಳು.

"ಅಪ್ಪಾ, ಚಿಂತಿ ಮಾಡಬ್ಯಾಡ," ಎಂದಳು. "ಮುಂದಿನ ಪಂಚಮಿಗೆ ಬಾಜೂ ಹೊಲದಾವರ ಬಾವಿ ನೀರ ತರತೇನಿ. ಅವರ ಹುಡುಗ ಈಗ ಲಗ್ನಕ್ಕ ಬಂದಾನ. ಯಾರ ಕೇಳಿದ್ರೂ ಸಕ್ಕರಿ ಅಂತ ಹೇಳಾಕ ಹತ್ಯಾರ."

ಶಟ್ಟೆಪ್ಪ ಡ್ರಾಯರಿನಿಂದ ಒಂದು ಹೊಸ ಚೀಟಿ ತೆಗೆದು, 'ಬಾವಿ ನಂಬರ್ ನಲವತ್ತೆರಡು' ಎಂದು ಬರೆದು, ಅದನ್ನು ಮಗಳ ಖಾಲಿ ಬಾಟಲಿಗೆ ಅಂಟಿಸಿಕೊಟ್ಟ.